ಮೋಂಜಿಯಾ ಯಂತ್ರ ನಿಲ್ಲಿಸಿದ ದಿನ

ಸ್ಫಾಕ್ಸ್ ಬಂದರಿನ ಕಚೇರಿಯಲ್ಲಿ ಮೋಂಜಿಯಾ ಫುರಾತಿಯ ಮಾತಿಗೆ ಎದುರಾಡುವವರು ಯಾರೂ ಇರಲಿಲ್ಲ. ಇಪ್ಪತ್ತಾರು ವರ್ಷದಿಂದ ಅಲ್ಲಿನ ಯುನಿಕ್ಸ್ ಸರ್ವರ್ ಅವಳ ಸುಪರ್ದಿಯಲ್ಲಿತ್ತು. ಯಾವ ಹಡಗು ಯಾವ ಕಟ್ಟೆಗೆ ಬರಬೇಕು, ಯಾವ ಲಾರಿಯಲ್ಲಿ ಎಷ್ಟು ಫಾಸ್ಫೇಟ್ ಬಂತು, ಎಲ್ಲವೂ ಅದರ ಹೊಟ್ಟೆಯಲ್ಲೇ. ಅದರ ಜಾಗಕ್ಕೆ ಹೊಸ ವ್ಯವಸ್ಥೆ ಎರಡು ಸಲ ಬಂತು. ಮೊದಲನೆಯದು ಮೂರನೇ ದಿನಕ್ಕೆ ಮಕಾಡೆ ಮಲಗಿತು. ಒಂಬತ್ತು ಹಡಗುಗಳು ನಡುನೀರಲ್ಲೇ ಕಾದು ನಿಂತವು. ಎರಡನೆಯದು ವಾರಕ್ಕೊಮ್ಮೆ ತನ್ನಷ್ಟಕ್ಕೆ ತಾನೇ ಆರಿ ಹೊತ್ತಿಕೊಳ್ಳುತ್ತಿತ್ತು. ಟೈ ಕಟ್ಟಿಕೊಂಡು ಬಂದವರು ಸದ್ದಿಲ್ಲದೆ ಗಂಟುಮೂಟೆ ಕಟ್ಟಿದರು. ಹಳೆಯ ಯುನಿಕ್ಸ್ ಮಾತ್ರ ಹನ್ನೊಂದು ವರ್ಷ ಒಂದು ಗಳಿಗೆಯೂ ಆರದೆ ದುಡಿಯಿತು.

ಅವಳ ಗಂಡ ಮೆಹ್ರೆಝ್ ಅದೇ ಬಂದರಿನ ಇನ್ನೊಂದು ತುದಿಯಲ್ಲಿ ಲಾರಿ ತೂಗುವ ಗುಮಾಸ್ತ. ಅವನ ಮುಂದಿನ ಪರದೆಯೂ ಇದೇ ಸರ್ವರಿಗೆ ಜೋಡಿಸಿದ್ದು. ಫೋನು ಮಾಡಿದರೆ ಪಕ್ಕದವರು ಕಿವಿ ನಿಮಿರಿಸುತ್ತಾರೆಂದು ಅವನು ಹೆಂಡತಿಗೆ ಅದರಲ್ಲೇ ಬರೆದಿಡತೊಡಗಿದ. ಆದರೆ ತೂಕದ ಗುಮಾಸ್ತನಿಗೆ ಯಂತ್ರದಲ್ಲಿ ಸ್ವಂತ ಜಾಗ ಎಲ್ಲಿಯದು? ಯಾರು ಬೇಕಾದರೂ ಗೀಚಬಹುದಾದ ಒಂದೇ ಕಡೆಯೆಂದರೆ ತಾತ್ಕಾಲಿಕ ಕಡತಗಳ ಮೂಲೆ. ಮೋಂಜಿಯಾ ಮೊದಲ ದಿನವೇ ಎಚ್ಚರಿಸಿದ್ದಳು.

"ಅಲ್ಲಿರೋದು ಡಿಸ್ಕಿಗೆ ಇಳಿಯಲ್ಲ ಮೆಹ್ರೆಝ್, ಬರೀ ಮೆಮೊರೀಲಿ ಇರುತ್ತೆ. ಒಂದ್ಸಲ ಆಫ್ ಮಾಡಿದ್ರೆ ಎಲ್ಲಾ ಖಾಲಿ."

"ನಿನ್ನ ಮುದ್ದಿನ ಮಷೀನು ಆಫ್ ಆಗೋದು ಯಾವ ಕಾಲಕ್ಕೆ?" ಅಂದಿದ್ದ ಅವನು. "ನಾನು ಹೋದ್ರೂ ಅದು ಹೋಗಲ್ಲ ಬಿಡು."

ಆ ಯಂತ್ರಕ್ಕೆ ಅರಬ್ಬಿ ಬಾರದು. ಅವನು ಮನೆಮಾತನ್ನೇ ಫ್ರೆಂಚ್ ಅಕ್ಷರದಲ್ಲಿ ಕುಟ್ಟುತ್ತಿದ್ದ. ಗಾಳಿ ಜೋರಿದೆ, ತಲೆಗೆ ಬಟ್ಟೆ ಕಟ್ಟು ಅಂತ ಒಂದು ದಿನ. ನಿನ್ನಕ್ಕ ಬರೋದಾದರೆ ನಾನು ಓವರ್‌ಟೈಮ್ ಮಾಡ್ತೀನಿ ಅಂತ ಇನ್ನೊಂದು ದಿನ. ಏಳು ವರ್ಷ, ಒಂದೇ ಕಡತ. ಕೊನೆಯ ಸಾಲು ಬರೆದದ್ದು ನಾಲ್ಕು ವರ್ಷದ ಹಿಂದೆ, ರಂಜಾನ್ ಹಬ್ಬಕ್ಕೆ ಎರಡು ದಿನ ಮುಂಚೆ: "ಉಪ್ಪುಮೀನು ತಗೊಂಡಿದ್ದೀನಿ. ಶರ್ಮೂಲಾ ಗೊಜ್ಜಿಗೆ ಈರುಳ್ಳಿ ನಾನೇ ಹೆಚ್ತೀನಿ, ನೀನು ಮುಟ್ಟಬೇಡ." ಅದೇ ಮಧ್ಯಾಹ್ನ ತೂಕದ ಕಟ್ಟೆಯ ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಏಳಕ್ಕೆ, ಕಚೇರಿ ತುಂಬುವ ಮುನ್ನ, ಮೋಂಜಿಯಾ ಚಹಾದ ಲೋಟ ಪಕ್ಕಕ್ಕಿಟ್ಟು ಆ ಕಡತ ತೆರೆಯುತ್ತಿದ್ದಳು. ಕಣ್ಣಿಗೆ ಬಿದ್ದ ಸಾಲು ಓದಿದರೆ ಆ ದಿನ ಹೇಗೋ ಕಳೆಯುತ್ತಿತ್ತು. ಅದನ್ನು ಭದ್ರವಾದ ಕಡೆಗೆ ಸಾಗಿಸುವುದು ಅವಳಿಗೆ ಎರಡು ಕ್ಷಣದ ಕೆಲಸ. ಅವನು ಇಟ್ಟ ಜಾಗದಿಂದ ಕದಲಿಸಲು ಮನಸ್ಸೇ ಬರಲಿಲ್ಲ. ಅವನ ಚಪ್ಪಲಿಯೂ ಇನ್ನೂ ಬಾಗಿಲ ಬಳಿಯೇ ಇತ್ತು.

ಈ ವಸಂತದಲ್ಲಿ ಕಟ್ಟಡದ ವೈರು ಸುಟ್ಟ ವಾಸನೆ ಬಂತು. ಎಲ್ಲವನ್ನೂ ಬದಲಿಸಬೇಕು, ಸರ್ವರ್ ಕೋಣೆಗೆ ಎರಡು ಗಂಟೆ ಕರೆಂಟು ಇರುವುದಿಲ್ಲ ಎಂದರು. ಅಧಿಕಾರಿ ಶುಕ್ರಿ ಮತ್ತೆ ಮತ್ತೆ ಬಂದು ಕೇಳಿದ: ಹನ್ನೊಂದು ವರ್ಷ ಓಡಿದ್ದು ಒಮ್ಮೆ ಮಲಗಿದರೆ ಎದ್ದೀತೇ? ಮೋಂಜಿಯಾ ಮೂರು ದಿನ ಕೂತು ಎಲ್ಲದಕ್ಕೂ ನಕಲು ತೆಗೆದಳು. ತಾತ್ಕಾಲಿಕ ಮೂಲೆಯನ್ನು ಬಿಡುವುದು ಎಂಬ ಸಾಲು ನಕಲು ತೆಗೆಯುವ ಕ್ರಮದ ಪಟ್ಟಿಯಲ್ಲಿತ್ತು. ಕಸ ಯಾಕೆ ಹೊರಬೇಕೆಂದು ಇಪ್ಪತ್ತು ವರ್ಷದ ಹಿಂದೆ ಅವಳೇ ಬರೆದದ್ದು. ಅದನ್ನೂ ಓದಿ ಗುರುತು ಹಾಕಿದಳು. ಕೈಗೆ ರೂಢಿ, ಮನಸ್ಸೆಲ್ಲ ಹಡಗುಗಳ ಮೇಲೆ. ಹನ್ನೊಂದು ವರ್ಷ ಉಳಿದದ್ದನ್ನು ತಾತ್ಕಾಲಿಕವೆಂದು ಯಾರು ನೆನಪಿಟ್ಟುಕೊಂಡಾರು?

ಯಂತ್ರ ನಿಲ್ಲಿಸುವ ಆದೇಶವನ್ನು ಅವಳೇ ಒತ್ತಿದಳು. ಎರಡು ಗಂಟೆ ಕಳೆದು ಮತ್ತೆ ಹಚ್ಚಿದಾಗ ಅದು ಗೊಣಗುತ್ತಾ ಎದ್ದಿತು. ಹಡಗುಗಳೆಲ್ಲ ಇದ್ದವು, ತೂಕದಲ್ಲಿ ಒಂದು ಕಿಲೋ ಆಚೀಚೆಯಿಲ್ಲ. ಶುಕ್ರಿ ಬಾದಾಮಿ ಹಾಕಿದ ಚಹಾ ತರಿಸಿ, ಲಲ್ಲಾ ಅಂತ ಗೌರವ ಕೊಟ್ಟು ಮಾತಾಡಿಸಿದ.

"ಲಲ್ಲಾ ಮೋಂಜಿಯಾ, ಈ ಮುದುಕ ಮಷೀನು ನಮ್ಮನ್ನೆಲ್ಲ ಮಣ್ಣು ಮಾಡಿಯೇ ಹೋಗೋದು."

ಅವಳು ನಕ್ಕಳು. ಆ ಖುಷಿಯಲ್ಲೇ, ಮೆಹ್ರೆಝ್‌ಗೆ ಹೇಳುವವಳಂತೆ, ಕುರ್ಚಿ ಎಳೆದುಕೊಂಡು ಅವನ ಕಡತದ ಹೆಸರು ಒತ್ತಿದಳು. ಅಂಥ ಕಡತವಿಲ್ಲ ಎಂದಿತು ಯಂತ್ರ. ಅಕ್ಷರ ತಪ್ಪಿತೇನೋ ಎಂದು ಮತ್ತೆ ಒತ್ತಿದಳು. ಆಮೇಲೆ ಇಡೀ ಮೂಲೆಯನ್ನೇ ತೆರೆದು ನೋಡಿದಳು. ಬರಿದು. ಮೊದಲ ದಿನ ತಾನೇ ಅವನಿಗೆ ಹೇಳಿದ್ದ ಮಾತು ಆಗ ನೆನಪಾಗಿ ಅವಳ ಎದೆ ಒಡೆದುಹೋಯಿತು. ಅವನು ಸತ್ತ ದಿನ ಅವಳು ಮಾಡಬಹುದಾದದ್ದು ಏನೂ ಇರಲಿಲ್ಲ. ಈ ಸಲ ಒತ್ತಿದ್ದು ಅವಳದೇ ಬೆರಳು.

ಶುಕ್ರಿ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಏನಾದ್ರೂ ಹೋಯ್ತಾ ಲಲ್ಲಾ? ರಿಪೋರ್ಟಲ್ಲಿ ಬರೀಬೇಕು."

"ಇಲ್ಲ ಶುಕ್ರಿಯವರೇ," ಅಂದಳು ಪರದೆಯಿಂದ ಮುಖ ತಿರುಗಿಸದೆ. "ಎಲ್ಲಾ ಬಂದಿದೆ ಅಂತ ಬರ್ಕೊಳ್ಳಿ."

ಯಂತ್ರ ಈಗಲೂ ಓಡುತ್ತಿದೆ. ಬೆಳಗ್ಗೆ ಏಳಕ್ಕೆ ಮೋಂಜಿಯಾ ಅದರ ಮುಂದೆ ಕೂತು, ಮೆಹ್ರೆಝ್ ಬರೆದಿದ್ದ ಸಾಲುಗಳನ್ನು ನೆನಪು ಮಾಡಿಕೊಂಡು ಒಂದೊಂದಾಗಿ ತನ್ನ ಕಡತಕ್ಕೆ ಇಳಿಸುತ್ತಾಳೆ. ಏಳು ವರ್ಷದ್ದರಲ್ಲಿ ಈವರೆಗೆ ಸಿಕ್ಕಿರುವುದು ಮೂವತ್ತೊಂದು. ಮೊನ್ನೆಯಿಂದ ಹೊಸದೊಂದೂ ನೆನಪಾಗಿಲ್ಲ.