ಒಂದು ಗುಟುಕು ಚಹಾ ಇಳಿಯುವಷ್ಟು ಹೊತ್ತು

ಹೊಸ ಕಾಗದದ ಕಟ್ಟು ಅಂಗಡಿಗೆ ಬಂದಿತೆಂದರೆ ರಿಸೋಲತ್ ಮೊದಲು ಒಂದು ಹಾಳೆಯ ಮೂಲೆಯನ್ನು ಮಗುವಿನ ಕಿವಿ ಹಿಡಿದಂತೆ ಹಿಡಿದು ಮೆಲ್ಲಗೆ ಉಜ್ಜುತ್ತಾಳೆ. ಆಮೇಲೆ ಬಾಗಿಲಿನ ಬೆಳಕಿಗೆ ಎತ್ತಿ ನೋಡುತ್ತಾಳೆ. ಕೊನೆಗೆ ಕನ್ನಡಕ ಏರಿಸಿಕೊಂಡು ಮಸಿ ಪೆನ್ನಿನಿಂದ ಒಂದೇ ಒಂದು ಪದ ಬರೆಯುತ್ತಾಳೆ: ನೀರು. ಅಕ್ಷರದ ಅಂಚಿನಲ್ಲಿ ಮಸಿ ಬೇರು ಬಿಟ್ಟರೆ ಆ ಕಟ್ಟು ವಾಪಸ್ಸು. ಹಾಳೆ ಮಗುಚಿದಾಗ ಬೆನ್ನಿನಲ್ಲಿ ನೇರಳೆ ಚುಕ್ಕೆ ಕಂಡರೂ ವಾಪಸ್ಸು.

"ಅಕ್ಕಾ, ನೋಟ್‌ಬುಕ್ ಕೊಳ್ತಿದ್ದೀರೋ ಸೊಸೆ ಆರಿಸ್ತಿದ್ದೀರೋ?" ಎಂದು ತಾಷ್ಕೆಂಟಿನಿಂದ ಸರಕು ತರುವವನು ರೇಗಿಸುವುದುಂಟು.

"ಸೊಸೆ ತಪ್ಪು ಮಾಡಿದ್ರೆ ಹೇಳಿ ತಿದ್ದಬಹುದಪ್ಪಾ. ಕಾಗದಕ್ಕೆ ಏನಂತ ಹೇಳ್ಲಿ?"

ಇಷ್ಟು ಉದ್ದದ ಮಾತು ಅವಳ ಬಾಯಿಂದ ಬರುವುದೇ ಅಪರೂಪ. ಕೋಕಂದಿನ ಹಳೇ ಬಜಾರಿನ ಹಿಂದೆ, ರೊಟ್ಟಿ ಸುಡುವವರ ಸಾಲು ಮುಗಿಯುವಲ್ಲಿ ಅವಳ ಅಂಗಡಿ. ಶಾಲೆಯ ಮಕ್ಕಳಿಗೆ ಅಲ್ಲಿ ಬಣ್ಣದ ರಟ್ಟಿನ, ಬರೆಯುವ ಅಗ್ಗದ ಪುಸ್ತಕಗಳಿವೆ. ಒಳಗಿನ ಕಪಾಟು ಮಾತ್ರ ಮಸಿ ಪೆನ್ನಿನವರದು. ಹಳೆಯ ಮೇಷ್ಟ್ರುಗಳು, ಸುಂದರ ಬರವಣಿಗೆ ಕಲಿಯುವ ಹುಡುಗಿಯರು, ಇನ್ನೂ ನೇರಳೆ ಮಸಿಯಲ್ಲೇ ಔಷಧಿ ಬರೆದುಕೊಡುವ ಒಬ್ಬ ಮುದಿ ಡಾಕ್ಟರು ಅಲ್ಲಿಗೆ ಬರುತ್ತಾರೆ. ಬಂದವರ ಪೆನ್ನನ್ನು ಕೇಳಿ ತೆಗೆದುಕೊಂಡು, ನಿಬ್ಬು ದಪ್ಪವೋ ಸಣ್ಣವೋ, ಮಸಿ ಧಾರಾಳವೋ ಜಿಪುಣವೋ ಎಂದು ನೋಡದೆ ಅವಳು ಪುಸ್ತಕ ಕೊಡುವುದಿಲ್ಲ. ಮುದ್ರಣಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದ ಕಾಲದಿಂದ ಬಂದ ಅಭ್ಯಾಸ ಅದು. ಮುದ್ರಣಾಲಯ ಮುಚ್ಚಿದಾಗ ಜೊತೆಯವರು ಅವಳ ಕೈಗೆ ಒಂದು ಮಸಿ ಪೆನ್ನು ಕೊಟ್ಟು ಕಳಿಸಿದ್ದರು.

ಮನೆಯಲ್ಲಿ ಮಾತಿನ ಜವಾಬ್ದಾರಿಯನ್ನೆಲ್ಲ ಹೊತ್ತವನು ಗಂಡ ಮಮಾಸೊಲಿ. ಅವನು ದನದ ಬಜಾರಿನ ದಲ್ಲಾಳಿ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಹಿಡಿದು, ತೋಳು ಕಳಚಿ ಬೀಳುವಂತೆ ಕುಲುಕುತ್ತಾ, ಇಬ್ಬರನ್ನೂ ಬೈಯುತ್ತಾ ನಗಿಸುತ್ತಾ ವ್ಯಾಪಾರ ಕುದುರಿಸುವವನು. ಹಾಗೆ ಕುಲುಕಿ ಕುಲುಕಿ ಅವನ ಬಲಗೈಯ ಗೆಣ್ಣುಗಳು ಹಸಿ ಶುಂಠಿಯಂತೆ ಊದಿಕೊಂಡಿದ್ದವು. ಸಂಜೆ ಮನೆಗೆ ಬಂದರೆ ದಿನದ ಕತ್ತೆ ಕುರಿಗಳ ಸುದ್ದಿಯೆಲ್ಲ ಅಂಗಳದ ಮಂಚದ ಮೇಲೆ ಹರಡುತ್ತಿತ್ತು. ರಿಸೋಲತ್ ದಾರಕ್ಕೆ ಮೇಣ ಸವರುತ್ತಾ ಕೇಳುತ್ತಿದ್ದಳು. "ನಿನ್ನ ಕಾಗದ ಬಾಯಿ ಬಿಡಲ್ಲ, ನೀನೂ ಬಿಡಲ್ಲ. ಇಬ್ಬರೂ ಸೇರಿ ನನ್ನನ್ನ ಕೂಗುಮಾರಿ ಮಾಡಿಬಿಟ್ರಿ," ಎನ್ನುತ್ತಿದ್ದ.

ಅವನ ಗಂಟಲಿನಲ್ಲಿ ಗಂಟು ಬೆಳೆದದ್ದು, ತಾಷ್ಕೆಂಟಿನಲ್ಲಿ ಅದನ್ನು ತೆಗೆಯುವಾಗ ಧ್ವನಿಯೂ ಅದರ ಜೊತೆಗೇ ಹೋದದ್ದು ಎಲ್ಲವೂ ಒಂದು ಬೇಸಿಗೆಯೊಳಗೆ ಆಗಿಹೋಯಿತು. ಜೀವ ಉಳಿಯಿತು ಎಂದು ನೆಂಟರೆಲ್ಲ ಬಂದು ಕೈಯೆತ್ತಿ ಪ್ರಾರ್ಥಿಸಿ, ಊಟ ಮಾಡಿ ಹೋದರು. ಅವರು ಹೋದ ಮೇಲೆ ಅಂಗಳದಲ್ಲಿ ಉಳಿದ ನಿಶ್ಶಬ್ದ ಎಷ್ಟು ದೊಡ್ಡದಿತ್ತೆಂದರೆ ಹಿಪ್ಪುನೇರಳೆ ಹಣ್ಣು ಉದುರುವುದೂ ಕೇಳುತ್ತಿತ್ತು.

ಮಗಳು ನೊಜಿಮಾ ಫೋನಿನಲ್ಲಿ ಏನನ್ನೋ ತುಂಬಿ ತಂದಳು. "ಅಪ್ಪಾ, ನೀನು ಇಲ್ಲಿ ಒತ್ತಿದ್ರೆ ಸಾಕು, ಇದೇ ಮಾತಾಡುತ್ತೆ." ಅವನು ಒತ್ತಿದ. ಬ್ಯಾಂಕಿನ ಹುಡುಗಿಯಂತಹ ಧ್ವನಿಯೊಂದು ಬಹಳ ವಿನಯದಿಂದ "ಚಹಾ ತನ್ನಿ" ಎಂದಿತು. ಮಮಾಸೊಲಿ ಫೋನನ್ನು ಮಗುಚಿ ಇಟ್ಟು, ಹೆಂಡತಿಯ ಅಂಗಡಿಯ ಚೀಲದಿಂದ ಒಂದು ಶಾಲಾ ಪುಸ್ತಕ ಎಳೆದುಕೊಂಡು, ಸಾಮಾನ್ಯ ಪೆನ್ನಿನಿಂದ ಬರೆಯತೊಡಗಿದ. ಒತ್ತಿ ಬರೆಯುವ ಪೆನ್ನು ಅದು. ಒಂದು ಸಾಲು ಮುಗಿಯುವಷ್ಟರಲ್ಲಿ ಗೆಣ್ಣುಗಳು ನೋಯತೊಡಗಿ ಕೈ ಒದರಿದ.

ರಿಸೋಲತ್ ಒಳಗೆ ಹೋಗಿ ತನ್ನ ಮಸಿ ಪೆನ್ನು ತಂದು ಅವನ ಬೆರಳುಗಳ ನಡುವೆ ಇಟ್ಟಳು. "ಒತ್ತಬೇಡಿ. ಸುಮ್ಮನೆ ನಡೆಸಿ, ಅದೇ ಹೋಗುತ್ತೆ."

ಹೋಯಿತು. ನೋವಿಲ್ಲದೆ ಹೋಯಿತು. ಆದರೆ ಶಾಲಾ ಪುಸ್ತಕದ ಹಾಳೆಯಲ್ಲಿ ಮಸಿ ನಾಲ್ಕೂ ಕಡೆಗೆ ಕಾಲು ಚಾಚಿ, ಅವನು ಬರೆದದ್ದು ಕಂಬಳಿಹುಳುಗಳ ಮೆರವಣಿಗೆಯಂತೆ ಕಂಡಿತು.

ಒಳ್ಳೆಯ ಕಾಗದ ಹುಡುಕುವುದೊಂದೇ ತಾನು ಮಾಡಬಲ್ಲ ಕೆಲಸ ಎಂದು ಅವಳಿಗೆ ಅನಿಸಿತು. ಮನೆಗೆ ಬಂದ ದೊಡ್ಡವರ ಮುಂದೆ ಅತ್ಯುತ್ತಮವಾದುದನ್ನೇ ಇಡುವ ಊರು ಅದು. ರೊಟ್ಟಿಯಲ್ಲೂ ಚೆನ್ನಾಗಿ ಬೆಂದದ್ದನ್ನೇ ಅವರ ಕಡೆ ತಿರುಗಿಸಿಡುತ್ತಾರೆ. ಸಮರ್ಕಂದಿನ ಕಡೆಯಿಂದ ಹಿಪ್ಪುನೇರಳೆ ತೊಗಟೆಯ ಕಾಗದ ತರಿಸಿ, ಗಂಜಿ ಸವರಿ, ಒಣಗಿಸಿ, ನುಣುಪು ಕಲ್ಲಿನಿಂದ ದಿನವೂ ಉಜ್ಜಿದಳು. ಮದುವೆಗೆ ಕೊಡುವ ಪವಿತ್ರ ಗ್ರಂಥಗಳಿಗೆ ಅಂಥ ಕಾಗದ ಮಾಡುವುದು ವಾಡಿಕೆ. ಹಾಳೆಯಲ್ಲಿ ಕಿಟಕಿಯ ನೆರಳು ಕಾಣುವವರೆಗೂ ಉಜ್ಜಿ, ದಾಳಿಂಬೆ ಬಣ್ಣದ ಬಟ್ಟೆ ಹೊದಿಸಿ ಹೊಲಿದುಕೊಟ್ಟಳು. ನಿಬ್ಬು ಅದರ ಮೇಲೆ ಮಂಜುಗಡ್ಡೆಯ ಮೇಲೆ ಜಾರುವ ಹಾಗೆ ಜಾರುತ್ತಿತ್ತು. ಒಂದು ಎಳೆಯೂ ಹರಡಲಿಲ್ಲ. ಮಮಾಸೊಲಿ ಪುಟದ ಮೇಲೆ ಕೈಯಾಡಿಸಿ ಹುಬ್ಬೇರಿಸಿದ. ಬಜಾರಿನಲ್ಲಿ ಒಳ್ಳೆಯ ಕುದುರೆ ಕಂಡಾಗ ಹಾಗೆ ಮಾಡುತ್ತಿದ್ದ.

ಆ ವಾರವೇ ಅದನ್ನು ಬಗಲಲ್ಲಿಟ್ಟುಕೊಂಡು ಗಾಪಿಗೆ ಹೊರಟ.

ಗಾಪ್ ಅಂದರೆ ಮಾತು. ಅಲ್ಲಿ ಗೆಳೆಯರ ಕೂಟಕ್ಕೂ ಅದೇ ಹೆಸರು. ಬಾಲ್ಯದ ಗೆಳೆಯರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ತಾವೇ ಪಲಾವು ಮಾಡಿ, ತಿಂದು, ಒಬ್ಬರನ್ನೊಬ್ಬರು ಮಾತಿನಲ್ಲಿ ಸುಲಿಯುವುದು. ಒಬ್ಬ ಚುಚ್ಚಿದರೆ ಇನ್ನೊಬ್ಬ ಅಲ್ಲೇ ತಿರುಗಿಸಿ ಚುಚ್ಚಬೇಕು. ಕೋಪ ಮಾಡಿಕೊಂಡವನು ಸೋತ. ಕ್ಷೌರಿಕ ಎರ್ಗಶ್ ಮತ್ತು ಮಮಾಸೊಲಿ ಎದುರುಬದುರು ಕೂತರೆಂದರೆ ಪಕ್ಕದ ಮನೆಯವರು ಗೋಡೆಗೆ ಕಿವಿ ಕೊಡುತ್ತಿದ್ದರು.

ಅವನು ಆ ದಿನ ಬೇಗನೆ ಹಿಂತಿರುಗಿದ. ಟೋಪಿ ತೆಗೆದು ಗೂಟಕ್ಕೆ ಹಾಕಿ, ಪುಸ್ತಕವನ್ನು ಹಾಸಿಗೆಗಳ ಗುಡ್ಡೆಯ ಕೆಳಗೆ ತುರುಕಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ಅಂಗೈಯ ಅಂಚು ಕಿರುಬೆರಳಿನಿಂದ ಮಣಿಕಟ್ಟಿನವರೆಗೆ ನೇರಳೆಯಾಗಿತ್ತು.

ಮರುದಿನ ಎರ್ಗಶ್ ಅಂಗಡಿಗೆ ಬಂದ. ಬೋಳುತಲೆಯ ಆ ಕ್ಷೌರಿಕ ಬಾಗಿಲಲ್ಲಿ ನಿಂತು ಕೆಮ್ಮಿದ.

"ಅತ್ತಿಗೆ, ಅವನ ಕೈಗೆ ಏನು ಕೊಟ್ಟಿರಿ? ಕಾಗದವೋ ಕನ್ನಡಿಯೋ?"

"ಯಾಕಣ್ಣಾ?"

"ನಾವು ಏನೋ ಅಂತೀವಿ. ಅವನು ಬರೀತಾನೆ. ಆಮೇಲೆ ಒಣಗಲಿ ಅಂತ ಊದೋಕೆ ನೋಡ್ತಾನೆ, ಗಂಟಲಲ್ಲಿ ಆಪರೇಷನ್ ತೂತು, ಊದೋಕೂ ಆಗಲ್ಲ. ಬೀಸ್ತಾನೆ. ಒಣಗದೇ ಇರೋದನ್ನೇ ನಮ್ಮ ಕಡೆ ತಿರುಗಿಸ್ತಾನೆ, ಕೈ ತಾಗಿ ಎಲ್ಲಾ ರಾಡಿ. ನಾನು ಬಾಯಿತಪ್ಪಿ ಅಂದುಬಿಟ್ಟೆ, 'ಮಮಾಸೊಲಿ, ಇದು ಜವಾಬೋ ಕೋಳಿ ಕೆದಕಿದ್ದೋ' ಅಂತ. ಎಲ್ಲಾ ನಕ್ಕರು. ಅವನು ನಗಲಿಲ್ಲ." ಎರ್ಗಶ್ ತಲೆ ಸವರಿಕೊಂಡ. "ಮೊದಲಾಗಿದ್ರೆ ಆ ಮಾತಿಗೆ ನನ್ನ ಚರ್ಮ ಸುಲಿದಿರೋನು. ಜವಾಬು ಅನ್ನೋದು ಒಂದು ಗುಟುಕು ಚಹಾ ಇಳಿಯೋಷ್ಟರಲ್ಲಿ ಬರಬೇಕು ಅತ್ತಿಗೆ. ಬರಲಿಲ್ಲ ಅಂದ್ರೆ ಸತ್ತ ಮೀನು."

"ಮುಂದಿನ ಸರದಿ ನಮ್ಮ ಮನೇದು," ಎಂದಳು ರಿಸೋಲತ್.

"ಗೊತ್ತು. ಬಿಟ್ಟುಬಿಡ್ತಾನೇನೋ ಅಂತ ಹೆದರಿಕೆ. ಸರದಿ ಬಿಟ್ಟ ಯಾರೂ ವಾಪಸ್ ಬಂದದ್ದಿಲ್ಲ." ಹೊರಡಲು ತಿರುಗಿದ. "ಅವನಿಲ್ಲದೆ ನಾನು ಯಾರ ಹತ್ರ ಬೈಸಿಕೊಳ್ಲಿ?"

ಅವನು ಹೋದ ಮೇಲೆ ರಿಸೋಲತ್ ಉಳಿದಿದ್ದ ಹಿಪ್ಪುನೇರಳೆ ಹಾಳೆಯೊಂದರ ಮೇಲೆ ಬೆರಳಾಡಿಸಿದಳು. ಯಾವ ಪೆನ್ನಿಗೆ ಯಾವ ಕಾಗದ ಎಂದು ಊರಿಗೆಲ್ಲ ಹೇಳುವವಳು, ಮನೆಯವನ ಕೈಗೆ ಏನು ಬೇಕೆಂದು ಮಾತ್ರ ಕೇಳಿರಲಿಲ್ಲ. ಎಂದೆಂದಿಗೂ ಉಳಿಯಬೇಕಾದ ಅಕ್ಷರಕ್ಕೆ ಮಾಡಿದ ಕಾಗದ ಅದು. ಅಲ್ಲಿ ಮಸಿ ಒಳಗೆ ಇಳಿಯದೆ, ಮೇಲೆಯೇ ನಿಂತು, ತನಗೆ ಬೇಕಾದಾಗ ಒಣಗುತ್ತದೆ. ಅವನಿಗೆ ಬೇಕಾಗಿದ್ದದ್ದು ತಮಾಷೆಗೆ ತಕ್ಕ ಕಾಗದ. ಪ್ರೀತಿಯಿಂದ ಉಜ್ಜಿದ ಒಂದೊಂದು ಸುತ್ತೂ ಅವನ ಬಾಯಿಗೆ ಬೀಗ ಹಾಕಿತ್ತು.

ಸಂಜೆ ಅವನು ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದ: ಸರದಿ ಬೇಡ. ಎರ್ಗಶನಿಗೆ ಹೇಳಿಬಿಡು.

"ಸರದಿ ನಿಮ್ಮೊಬ್ಬರದಲ್ಲ, ಮನೇದು," ಎಂದಳು ಅವಳು. "ಪಲಾವಿಗೆ ಕ್ಯಾರೆಟ್ ತಂದಾಗಿದೆ."

ತಂದಿರಲಿಲ್ಲ. ಮರುದಿನ ತಂದಳು.

ಆಮೇಲಿನ ದಿನಗಳಲ್ಲಿ ಅಂಗಡಿಯ ಕಪಾಟೆಲ್ಲ ಕೆಳಗಿಳಿಯಿತು. ಒಂದೊಂದು ಕಾಗದದ ಮೇಲೂ ಅವಳು ಎಂದಿನಂತೆ ನೀರು ಎಂದು ಬರೆದಳು. ಬರೆದು, ಪಿಯಾಲೆ ಬಟ್ಟಲು ಎತ್ತಿ ಒಂದು ಗುಟುಕು ಹಸಿರು ಚಹಾ ಕುಡಿದು, ಇಳಿದ ಕೂಡಲೇ ಅಂಗೈ ಅಂಚಿನಿಂದ ಒರೆಸಿದಳು. ಹೊಳೆಯುವ ಪರದೇಶದ ಕಾಗದದಲ್ಲಿ ನೀರು ಎಂಬ ಪದ ಅಳಿಸಿ ಕೆಸರಾಯಿತು. ಬೇಗ ಹೀರುವ ಅಗ್ಗದ ಕಾಗದದಲ್ಲಿ ಒಣಗಿತು, ಆದರೆ ಬೇರು ಬಿಟ್ಟಿತು. ಇನ್ನೊಂದರಲ್ಲಿ ಬೇರಿಲ್ಲ, ಒಣಗಿತು, ಹಿಂದಕ್ಕೆ ಇಳಿಯಿತು. ಎರ್ಗಶನ ಗುಟುಕು ತನ್ನದಕ್ಕಿಂತ ದೊಡ್ಡದಿರಬಹುದೇ ಎಂಬ ಅನುಮಾನವೂ ಬಂತು. ಆದರೂ ಚಿಕ್ಕ ಗುಟುಕನ್ನೇ ನಂಬಿದಳು.

"ಅಮ್ಮಾ, ಎಷ್ಟು ಚಹಾ ಕುಡೀತಿದ್ದೀಯ? ರಾತ್ರಿ ನಿದ್ದೆ ಬರಲ್ಲ ನಿಂಗೆ," ಎಂದಳು ನೊಜಿಮಾ. ಅಮ್ಮನ ಎರಡೂ ಕೈ ನೇರಳೆಯಾಗಿರುವುದು ಕಂಡು, ಬೇರೇನೂ ಕೇಳದೆ ಇನ್ನೊಂದು ಕೆಟಲ್ ಇಟ್ಟಳು.

ಕಪಾಟು ಖಾಲಿಯಾದ ಮೇಲೆ ಉಳಿದದ್ದು ನೆಲದ ಮೇಲಿದ್ದ ಕಟ್ಟು. ಹತ್ತಿ ನಾರಿನ, ಬೂದು ಬಣ್ಣದ, ಮಂಕು ಕಾಗದ. ಮುದ್ರಣಾಲಯ ಮುಚ್ಚಿದಾಗ ಯಾರಿಗೂ ಬೇಡವಾಗಿ ಅವಳ ಜೊತೆ ಬಂದದ್ದು. ಮೈಗೆ ಮೆರುಗಿಲ್ಲವೆಂದು ರಟ್ಟಿನ ಒಳಗೆ ಅಂಟಿಸಲು, ಸಾಮಾನು ಸುತ್ತಿಕೊಡಲು ಬಳಸುತ್ತಿದ್ದಳು. ಅದರ ಮೇಲೆ ಬರೆಯುವ ಯೋಚನೆಯೇ ಅವಳಿಗೆ ಎಂದೂ ಬಂದಿರಲಿಲ್ಲ. ಬರೆದಳು. ನಿಬ್ಬು ಕಾಗದವನ್ನು ಸಣ್ಣಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸಾಗಿತು. ಗುಟುಕು ಇಳಿಯಿತು. ಒರೆಸಿದಳು. ನೀರು ಹಾಗೆಯೇ ಇತ್ತು. ಮಗುಚಿದಳು. ಹಿಂಬದಿ ಬೂದುಬಣ್ಣ ಅಷ್ಟೇ.

ಆ ಕಾಗದವನ್ನು ಅಂಗೈಯಗಲಕ್ಕೆ ಕತ್ತರಿಸಿ ಪುಸ್ತಕ ಮಾಡಿದಳು. ಬದಿಗೆ ಹೊಲಿಯದೆ ತಲೆಗೆ ಹೊಲಿದಳು. ಎತ್ತಿ ಹಿಡಿದರೆ ಪುಟ ಎದುರಿನವನ ಮುಖಕ್ಕೇ ನೇರವಾಗಿ ನಿಲ್ಲಬೇಕು. ಮೊಣಕಾಲಿನ ಮೇಲೆ ಇಟ್ಟು ಬರೆಯಲು ಬೆನ್ನಿಗೆ ದಪ್ಪ ರಟ್ಟು ಕೊಟ್ಟಳು. ಬಟ್ಟೆ ಹೊದಿಸಲಿಲ್ಲ.

ಗೆಳೆಯರು ಬರುವ ಸಂಜೆ ಅದನ್ನು ಗಂಡನ ಮುಂದೆ ಇಟ್ಟಳು. ಅವನು ಪುಸ್ತಕವನ್ನು ನೋಡಿ, ಅವಳನ್ನು ನೋಡಿದ. ಪೆನ್ನು ತೆಗೆದು ಬರೆದ: ಸಾಬೂನು ಸುತ್ತುವ ಕಾಗದ?

"ಹೂಂ. ಒರೆಸಿ ನೋಡಿ."

ಒರೆಸಿದ. ಇನ್ನೊಮ್ಮೆ, ಜೋರಾಗಿ. ಆಮೇಲೆ ತನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡ. ಅವಳು ಕ್ಯಾರೆಟ್ ಹೆಚ್ಚಲು ಒಳಗೆ ಹೋದಳು.

ಗಂಡಸರ ಕೂಟದಲ್ಲಿ ಹೆಂಗಸರು ಕೂರುವುದಿಲ್ಲ. ರಿಸೋಲತ್ ಮತ್ತು ನೊಜಿಮಾ ಅಡುಗೆಮನೆಯಲ್ಲಿದ್ದರು. ನಡುವೆ ಅರೆತೆರೆದ ಬಾಗಿಲು. ಅಂಗಳದ ಒಲೆಯ ಮೇಲಿನ ಕಡಾಯಿಯಿಂದ ಪಲಾವು ಇಳಿದು ಒಳಗೆ ಹೋಯಿತು. ತಿನ್ನುವ ಸದ್ದು, ಹೊಗಳುವ ಸದ್ದು, ಎಲ್ಲರೂ ಸ್ವಲ್ಪ ಹೆಚ್ಚೇ ವಿನಯವಾಗಿದ್ದರು. ರೋಗಿಯ ಮನೆಗೆ ಬಂದವರಂತೆ. ರಿಸೋಲತ್‌ಗೆ ಅನುಮಾನ ಬಂತು. ಮಸಿ ಒಣಗಿದರೇನು, ಯಾರೂ ಅವನನ್ನು ಚುಚ್ಚದಿದ್ದರೆ?

ಆಗ ಎರ್ಗಶನ ಗಂಟಲು ಕೇಳಿಸಿತು.

"ಮಮಾಸೊಲಿ, ದನದ ಬಜಾರಿಗೆ ಹೋಗಿದ್ದೆ ಕಣೋ. ನೀನು ಹೋಗದೇ ಇರೋದಕ್ಕೆ ಕತ್ತೆಗಳೆಲ್ಲ ಅಳ್ತಾ ಇವೆ. 'ನಮ್ಮ ಭಾಷೆ ಬರೋನು ಅವನೊಬ್ಬನೇ ಇದ್ದ' ಅಂತಾವೆ."

ನಗು. ಅದು ನಿಂತಿತು. ರಿಸೋಲತ್ ತನಗರಿವಿಲ್ಲದೆ ಪಿಯಾಲೆ ಎತ್ತಿ ಒಂದು ಗುಟುಕು ಕುಡಿದಳು. ಬಾಗಿಲಿನಾಚೆ ನಿಬ್ಬು ಕಾಗದವನ್ನು ಹಿಡಿದು ಬಿಡುವ ಸಣ್ಣ ಸದ್ದು. ಗುಟುಕು ಇಳಿಯಿತು.

"ಏನು, ನನ್ನ ಮುಖಕ್ಕೇ ಹಿಡೀತೀಯಾ? ಕಾಣಿಸಲ್ಲಪ್ಪಾ, ಅಳಿಸಿಹೋಗಿದೆ," ಎಂದ ಎರ್ಗಶ್.

"ಸುಳ್ಳು!" ಎಂದು ಯಾರೋ ಕೂಗಿದರು. "ನಾನು ಇಲ್ಲಿಂದಲೇ ಓದಬಲ್ಲೆ. ಓದೋ! ಹೊಡೆತ ತಿಂದವನೇ ಓದಬೇಕು!"

"ಓದು, ಓದು!"

ಎರ್ಗಶ್ ಓದಿದ. ಶಾಲೆಯಲ್ಲಿ ಮೇಷ್ಟ್ರ ಮುಂದೆ ನಿಂತವನ ದನಿಯಲ್ಲಿ. "ನಾನು ಎರ್ಗಶ್. ಕತ್ತೆಗಳ ಮಾತು ಮಮಾಸೊಲಿಗೆ ಮಾತ್ರ ಬರುತ್ತಿತ್ತು, ನಿಜ. ನನ್ನ ಜೊತೆ ಅವನು ಇಷ್ಟು ವರ್ಷ ಮಾತಾಡಿದ್ದು ಹೇಗೆ ಅಂತ ನನಗೆ ಈಗ ಅರ್ಥವಾಯಿತು."

ನಗುವಿಗೆ ಗೋಡೆಗಳು ನಡುಗಿದವು. ನೊಜಿಮಾ ಬಾಯಿಗೆ ತಲೆವಸ್ತ್ರದ ತುದಿ ತುರುಕಿಕೊಂಡಳು. ಆ ನಗುವಿನ ನಡುವೆ ರಿಸೋಲತ್ ಇನ್ನೊಂದು ಸದ್ದಿಗಾಗಿ ಕಾದಳು. ಮಮಾಸೊಲಿಯ ನಗುವಿಗೆ ಈಗ ಧ್ವನಿಯಿಲ್ಲ, ಭುಜಗಳಷ್ಟೇ ಕುಲುಕುತ್ತವೆ. ಆದರೆ ಮೊದಲಿನಿಂದಲೂ ಅವನಿಗೆ, ತನ್ನ ಮಾತು ನಾಟಿತೆಂದರೆ, ಊಟದ ಮೇಜನ್ನು ಅಂಗೈಯಿಂದ ಬಡಿಯುವ ಚಾಳಿ.

"ಇನ್ನೊಂದು ಬರೀತಿದ್ದಾನೆ! ಏ, ನಿಲ್ಲಿಸೋ, ನನಗಿನ್ನೂ ನೋಯ್ತಿದೆ," ಎಂದ ಎರ್ಗಶ್. ಮತ್ತೆ ಒಂದು ಗುಟುಕಿನಷ್ಟು ಮೌನ. ಮತ್ತೆ ಅವನದೇ ಕುಗ್ಗಿದ ದನಿ: "ನಾನು ಎರ್ಗಶ್. ಊರಿನ ತಲೆಗಳನ್ನೆಲ್ಲ ಬೋಳಿಸಿ ನೋಡಿದೆ, ಒಂದರೊಳಗೂ ಏನೂ ಸಿಗಲಿಲ್ಲ. ನನ್ನದನ್ನೇ ನೋಡಿದೆ. ಅಲ್ಲಿ ಬೋಳಿಸೋಕೂ ಏನೂ ಸಿಗಲಿಲ್ಲ."

"ಅತ್ತಿಗೇ!" ಎಂದು ಆಮೇಲೆ ಬಾಗಿಲಿನ ಕಡೆಗೆ ಕೂಗಿದ. "ನಿಮ್ಮ ಕನ್ನಡಿ ಕಾಗದವೇ ಚೆನ್ನಾಗಿತ್ತು! ಅದನ್ನೇ ವಾಪಸ್ ಕೊಡಿ! ಮುಂದಿನ ಸರದಿ ನಮ್ಮ ಮನೇಲಿ, ಇವನನ್ನ ಮಾತ್ರ ಕಳಿಸಬೇಡಿ!"

ಒಳಗೆ ಅಂಗೈ ಮೇಜಿನ ಮೇಲೆ ಬಿತ್ತು. ಪಿಯಾಲೆಗಳೆಲ್ಲ ಒಂದಕ್ಕೊಂದು ತಾಗಿ ಗಲಗಲ ಎಂದವು.

ರಿಸೋಲತ್ ಕೆಟಲ್ ಎತ್ತಿ ನೋಡಿದಳು. ಖಾಲಿಯಾಗಿತ್ತು. ಮತ್ತೆ ನೀರು ತುಂಬಿ ಒಲೆಯ ಮೇಲಿಟ್ಟಳು.