ಗೌರವ್ವನ ಹೆಪ್ಪು

ಎಂ.ಎಸ್ಸಿ. ಸೂಕ್ಷ್ಮಜೀವಶಾಸ್ತ್ರಕ್ಕೆ ಸೇರಿದ ಮೊದಲ ವಾರದಲ್ಲೇ ಕಲ್ಲೋಳಿಯ ನೇತ್ರಾ ಹಣೆಗೆ ಬ್ಯಾಕ್ಟೀರಿಯಾ ಹಚ್ಚಿಕೊಂಡಳು.

ತಪ್ಪು ಅವಳದಲ್ಲ, ಅವಳ ಅವ್ವ ಗೌರವ್ವನದು. ಆ ಮನೆಯಲ್ಲಿ ಯಾರೇ ದೀಪ ಹಚ್ಚಲಿ, ಉಳಿದವರು ಇದ್ದಲ್ಲೇ ಕೈ ಮುಗಿಯಬೇಕು. ರೊಟ್ಟಿ ಬಡಿಯುತ್ತಿದ್ದರೂ ಸರಿ, ಜಗಳವಾಡುತ್ತಿದ್ದರೂ ಸರಿ. ಬೆಳಗಾವಿಯ ಲ್ಯಾಬಿನಲ್ಲಿ ಕಿಟಕಿಯ ಗಾಳಿಗೆ ಆರಿದ ಸ್ಪಿರಿಟ್ ದೀಪವನ್ನು ಪಕ್ಕದ ಹುಡುಗಿ ಮತ್ತೆ ಹಚ್ಚಿದಳು. ನೇತ್ರಾಳ ಕೈಗಳು ತಾವಾಗಿಯೇ ಕೂಡಿಕೊಂಡು ಹಣೆಗೆ ಹೋದವು. ಕೈಯಲ್ಲಿದ್ದ ತಂತಿಯ ತುದಿಯಲ್ಲಿ ಕೆಂಪು ಬಣ್ಣ ಬಿಡುವ ಜಾತಿಯ ಬ್ಯಾಕ್ಟೀರಿಯಾದ ಮುದ್ದೆಯಿತ್ತು. ಹುಬ್ಬುಗಳ ನಡುವೆ ದುಂಡಗೆ ಕುಂಕುಮ ಬಿದ್ದಿತು.

“ಚಂದ ಕಾಣಾಕತ್ತಿ,” ಎಂದರು ಪಾಠ ಮಾಡುವ ಸುವರ್ಣಾ ಮೇಡಂ, ಸ್ಪಿರಿಟ್ಟಿನ ಹತ್ತಿಯಿಂದ ಅವಳ ಹಣೆ ತಿಕ್ಕುತ್ತ. “ಆದ್ರ ಈ ಕುಂಕುಮ ಉಳದ ಮುತ್ತೈದೇರಿಗೆ ಹಚ್ಚಾಕ ಹೋಗಬ್ಯಾಡ ತಂಗಿ.”

ಹಣೆಬರಹ ಕಣ್ಣಿಗೆ ಕಾಣುವುದಿಲ್ಲ ಎನ್ನುತ್ತಾರೆ. ನೇತ್ರಾಳದು ಅಂದು ಇಡೀ ಲ್ಯಾಬಿಗೆ ಕಂಡಿತು.

ಸಂಜೆ ಫೋನಿನಲ್ಲಿ ಇದನ್ನು ಕೇಳಿದ ಗೌರವ್ವ ಕೆಮ್ಮು ಬರುವಷ್ಟು ನಕ್ಕಳು. “ಅಲ್ಲಿಗೆ ಹೋದ್ರೂ ನಾ ಕಲಿಸಿದ್ದು ಮರತಿಲ್ಲ ಬಿಡ ನೀ,” ಎಂದಳು.

ಎರಡನೇ ಸೆಮಿಸ್ಟರಿನ ಹೊತ್ತಿಗೆ ಗೌರವ್ವ ಇರಲಿಲ್ಲ. ಒಂದು ಮುಂಜಾನೆ ಎದೆ ಹಿಡಿದುಕೊಂಡು ಕೂತವಳು ಗೋಕಾಕದ ದವಾಖಾನೆ ಮುಟ್ಟುವುದರೊಳಗೇ ಹೋಗಿಬಿಟ್ಟಳು. ಮಣ್ಣಾದ ಮೇಲೆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಓಣಿಯವರೇ ಬುತ್ತಿ ತಂದು ಉಣಿಸಿದರು. ಹಾಲಿಗೆ ಹೆಪ್ಪು ಹಾಕಬೇಕೆಂದು ಯಾರಿಗೂ ನೆನಪಾಗಲಿಲ್ಲ. ಬಂದ ಮಂದಿ ಹೋದ ಮೇಲೆ ನೋಡಿದರೆ, ಯಾರೋ ಪುಣ್ಯಾತ್ಮರು ಮೊಸರಿನ ಗಡಿಗೆಯನ್ನು ಬೆಳ್ಳಗೆ ತೊಳೆದು ಬೋರಲು ಹಾಕಿದ್ದರು. ಅಪ್ಪ ಪರಪ್ಪ ಮೂಡಲಗಿಯಿಂದ ಪಾಕೀಟಿನ ಮೊಸರು ತಂದ.

ಗೌರವ್ವ ಸೊಸೆಯಾಗಿ ಬಂದಾಗಿನಿಂದ ನಿನ್ನೆಯದನ್ನು ಇಂದಿಗೆ, ಇಂದಿನದನ್ನು ನಾಳೆಗೆ ಹಾಕುತ್ತ ಜೀವಂತ ಇಟ್ಟಿದ್ದ ಹೆಪ್ಪು ಅದು. ಲ್ಯಾಬಿನಲ್ಲಿ ಇದಕ್ಕೆ ಕಲ್ಚರ್ ಎನ್ನುತ್ತಾರೆ. ಕಲ್ಲೋಳಿಯಲ್ಲೂ ಅದು ಕಲ್ಚರೇ ಆಗಿತ್ತು, ಯಾರೂ ಹಾಗೆ ಕರೆದಿರಲಿಲ್ಲ ಅಷ್ಟೇ.

ನೇತ್ರಾ ಲ್ಯಾಬಿಗೆ ಮರಳಿ ಕೆಲಸ ಕಲಿತಳು. ತಂತಿಯನ್ನು ಕೆಂಪಗೆ ಕಾಯಿಸಿ ಆರಲು ಬಿಡುವುದು, ಮುಚ್ಚಳವನ್ನು ಬೆರಳಷ್ಟೇ ಎತ್ತುವುದು, ದೀಪದ ಹತ್ತಿರ ಮಾತಾಡದಿರುವುದು. ಗೋಕಾಕದ ಖಾನಾವಳಿಯಲ್ಲಿ ಪ್ಲೇಟ್ ಎಂದರೆ ನಾವು ಉಣ್ಣುವುದು. ಇಲ್ಲಿ ಪ್ಲೇಟ್ ಎಂದರೆ ಬ್ಯಾಕ್ಟೀರಿಯಾಗಳಿಗೆ ಉಣಿಸುವುದು. ರೋಗನಿರೋಧಶಾಸ್ತ್ರದ ಪಾಠದಲ್ಲಿ ಅಗರ್ ಎಂಬ ಲೋಳೆ ತುಂಬಿದ ತಟ್ಟೆಯ ಎರಡು ಕುಳಿಗಳಿಗೆ ಎರಡು ದ್ರವ ಬಿಟ್ಟು ಮರುದಿನ ನೋಡಬೇಕು. ಅವು ಒಂದನ್ನೊಂದು ಗುರುತು ಹಿಡಿದರೆ ನಡುವೆ ಬಿಳಿಯ ಗೆರೆ; ಹಿಡಿಯದಿದ್ದರೆ ಏನೂ ಇಲ್ಲ. ಗೆರೆ ಮೂಡಿದ ದಿನ ಅವ್ವನಿಗೆ ಹೇಳಬೇಕೆಂದು ಫೋನ್ ತೆಗೆದು, ಹೆಸರಿನ ಮೇಲೆ ಬೆರಳಿಟ್ಟು, ಮತ್ತೆ ಏಪ್ರನ್ನಿನ ಕಿಸೆಗೆ ಹಾಕಿಕೊಂಡಳು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೇಡಂ, “ನಿಮ್ಮ ನಿಮ್ಮ ಮನಿ ಮೊಸರ ತರ್ರಿ, ಅದರಾಗಿನ ಬ್ಯಾಕ್ಟೀರಿಯಾ ಬ್ಯಾರೆ ಮಾಡೂಣು,” ಎಂದರು. ನೇತ್ರಾಳ ಮನೆಯಲ್ಲಿದ್ದದ್ದು ಪಾಕೀಟಿನ ಸಂತಾನ. ಆಗ ಹೊಳೆಯಿತು: ಹುಕ್ಕೇರಿಯ ಚಿಗವ್ವ ಸಾವಂತ್ರೆವ್ವ, ಅವ್ವನ ತಂಗಿ, ಹೊಸದಾಗಿ ಸಂಸಾರ ಹೂಡಿದಾಗ ಅವ್ವನಿಂದಲೇ ಹೆಪ್ಪು ಒಯ್ದಿದ್ದಳು.

“ಅವ್ವ ಕೊಟ್ಟಿದ್ದ ಹೆಪ್ಪ ಇನ್ನೂ ಐತೇನ ಚಿಗವ್ವಾ?” ಎಂದು ಫೋನ್ ಮಾಡಿ ಕೇಳಿದಳು.

“ಏ, ದಿನಾ ಅದನ್ನ ಉಣ್ಣಾಕತ್ತೇವಿ!”

ನೇತ್ರಾ ಅಂದೇ ಬಸ್ಸು ಹತ್ತಿದಳು. ಬಸ್ಸು ಕೆಟ್ಟು ನಿಂತು, ಹುಕ್ಕೇರಿ ಮುಟ್ಟಿದಾಗ ಚಿಗವ್ವ ದೇವರ ಮುಂದೆ ದೀಪ ಹಚ್ಚಿಯಾಗಿತ್ತು.

“ಇನ್ನ ಮೊಸರ ಹೊರಗ ಕೊಡಂಗಿಲ್ಲವ್ವ. ದೀಪ ಹಚ್ಚಿದ ಮ್ಯಾಲ ಕೊಟ್ರ ಲಕ್ಷ್ಮೀ ಮನಿ ಬಿಟ್ಟ ಹೋಗತಾಳ.”

“ನಾ ಹೊರಗಿನಾಕಿ ಏನ?”

“ಒಳಗಿನಾಕಿ ಆದ್ರ ಉಂಡ ಮಕ್ಕೊ. ಮುಂಜಾನಿ ಒಯ್ಯಿ.”

ಮುಂಜಾನೆ ನೇತ್ರಾ, ಲ್ಯಾಬಿನ ದೊಡ್ಡ ಕುಕ್ಕರಿನಲ್ಲಿ ಕಾಯಿಸಿ ಜೀವಜಂತು ಒಂದೂ ಇಲ್ಲದಂತೆ ಮಾಡಿ ತಂದಿದ್ದ ಬಾಟಲಿಗೆ, ಉಸಿರು ಬಿಗಿಹಿಡಿದು ಒಂದು ಚಮಚ ಮೊಸರು ಹಾಕಿದಳು. ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಚಿಗವ್ವ ಮುಚ್ಚಳ ತಿರುವಿ ಒಲೆಯ ಇದ್ದಿಲಿನ ಚೂರೊಂದನ್ನು ಒಳಗೆ ಬಿಟ್ಟಳು.

“ಚಿಗವ್ವಾ! ಏನ ಮಾಡಿದಿ?”

“ಹಾದ್ಯಾಗ ದೃಷ್ಟಿ ತಾಕಬಾರ್ದಲ್ಲ. ಈಗ ಅರಾಮ ಒಯ್ಯಿ.”

ಬೇರೆ ಬಾಟಲಿ ಇರಲಿಲ್ಲ. ಬೆಳಗಾವಿಯಲ್ಲಿ ಆ ಮೊಸರು ಸವರಿಟ್ಟ ತಟ್ಟೆಯ ಮುಚ್ಚಳ ಎತ್ತಿದಾಗ ಹುಕ್ಕೇರಿಯ ಅರ್ಧ ಅಡುಗೆಮನೆ ಅದರಲ್ಲಿ ಬೆಳೆದಿತ್ತು; ಬೂದು ಬಣ್ಣದ, ಸುಕ್ಕುಗಟ್ಟಿದ, ಒಂದರ ಮೇಲೊಂದು ಹಬ್ಬಿದ ಪದರು.

“ಚೆಲ್ಲಿಬಿಡು,” ಎಂದರು ಮೇಡಂ. “ಬ್ಯಾರೆ ತಾ.”

“ಒಂದ ಸಲ ನೋಡ್ತೇನ್ರಿ ಮೇಡಂ.”

ಒಂದು ಮೂಲೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಬಿಳಿಯ ಚುಕ್ಕೆಗಳು ಉಸಿರು ಹಿಡಿದುಕೊಂಡಿದ್ದವು. ಅವುಗಳಲ್ಲಿ ಒಂದನ್ನು ತಂತಿಯಿಂದ ಎತ್ತಿ ಹೊಸ ತಟ್ಟೆಯ ಮೇಲೆ ಎಳೆದಳು. ಬೂದು ಮತ್ತೆ ಬಂತು. ಮತ್ತೆ ಎತ್ತಿದಳು, ಮತ್ತೆ ಎಳೆದಳು. ಗೆಳತಿಯರು ಸಿನಿಮಾಕ್ಕೆ ಕರೆದರೆ ಇವಳು ಚುಕ್ಕೆ ಹುಡುಕುತ್ತಿದ್ದಳು. ಕೊನೆಗೊಂದು ದಿನ ತಟ್ಟೆಯ ತುಂಬ ಬಿಳಿ ಚುಕ್ಕೆಗಳು ಮಾತ್ರ ಇದ್ದವು. ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೊಸರಿನ ಬ್ಯಾಕ್ಟೀರಿಯಾಗಳು ನೇರಳೆ ಕಡ್ಡಿಗಳಾಗಿ ಸರಪಳಿ ಕಟ್ಟಿಕೊಂಡು ನಿಂತಿದ್ದವು. ಒಂದು ಕಣ್ಣಿನಿಂದ ನೋಡಿದಳು, ಇನ್ನೊಂದು ಒದ್ದೆಯಾಗಿತ್ತು. ಒಂದು ಪಾಲನ್ನು ಫ್ರೀಜರಿಗೆ ಸೇರಿಸಿ ಬಾಗಿಲು ಹಾಕಿದ ಮೇಲೂ ಸ್ವಲ್ಪ ಹೊತ್ತು ಬಾಗಿಲ ಮೇಲೆ ಕೈ ಇಟ್ಟುಕೊಂಡು ನಿಂತಳು. ಇನ್ನು ಯಾರು ಗಡಿಗೆ ತೊಳೆದರೂ ಇದು ಸಾಯುವಂತಿಲ್ಲ.

ಆದರೆ ಲ್ಯಾಬಿನದು ಬಾಯಿಗೆ ಹೋಗಬಾರದೆಂಬುದು ನಿಯಮ. ಹಾಗಾಗಿ ರಜೆಗೆ ಊರಿಗೆ ಹೊರಟವಳು ಹುಕ್ಕೇರಿಯ ಮೇಲೆ ಹಾದು, ಚಿಗವ್ವನಿಂದ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ತಂದಳು. ಕಲ್ಲೋಳಿಯಲ್ಲಿ ಗಡಿಗೆ ಕೆಳಗಿಳಿಸಿ ತಾನೇ ಹಾಲಿಗೆ ಹಾಕಿದಳು.

ಮರುದಿನ ಪರಪ್ಪ ಜೋಳದ ರೊಟ್ಟಿ ಮುರಿದು ಮೊಸರಿನಲ್ಲಿ ಅದ್ದಿ ಬಾಯಿಗಿಟ್ಟ. ಬಹಳ ಹೊತ್ತು ನುಂಗಲಿಲ್ಲ. ಆಮೇಲೆ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಂಡ.

“ನನಗ ಇದು ಅದ ರುಚಿ ಅನಸ್ತೈತಿ,” ಎಂದ. “ಆದ್ರ ತಂಬಾಕ ತಿಂದ ತಿಂದ ನನ್ನ ನಾಲಿಗಿ ಸತ್ತೈತಿ, ನಂಬಾಕ ಬರಂಗಿಲ್ಲ. ನೀ ಇದನ್ನ ಕಲತಾಕಿ. ಖರೆ ಹೇಳ ಮಗಳ, ನಿಮ್ಮವ್ವನ ಮೊಸರ ಹಿಂಗ ಇತ್ತಲ್ಲ?”

ನೇತ್ರಾ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ಅದ್ದಿದಳು.

“ನನಗೇನ ಗೊತ್ತಪ್ಪಾ,” ಎಂದಳು. “ಅವ್ವ ಇರೂತನಾ ನಾ ಎಂದಾದ್ರೂ ಮೊಸರ ಉಂಡೇನೇನ?”