ನನ್ನ ಹೆಸರಿನಲ್ಲಿ ಹಿಡಿದ ಮನೆ

ಹೋದ ವಾರ ನಮ್ಮ ಬೀದಿಯ ಹಳೇ ಮನೆಯೊಂದಕ್ಕೆ ಸುಣ್ಣ ಹೊಡೆಯುತ್ತಿದ್ದರು. ಈಗೆಲ್ಲ ಬಣ್ಣದ ಡಬ್ಬಗಳ ಕಾಲ. ನೀರಲ್ಲಿ ಅರಳಿದ ಸುಣ್ಣದ ವಾಸನೆ ಮೂಗಿಗೆ ಬಡಿದು ಎಷ್ಟೋ ವರ್ಷವಾಗಿತ್ತು. ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಕೋಲಾರದ ಆ ಓಣಿ, ಗೋಡೆ ಇನ್ನೂ ಒಣಗಿರದ ಎರಡು ಕೋಣೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಓನರಮ್ಮ...

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕೋಲಾರದ ಹೈಸ್ಕೂಲೊಂದರಲ್ಲಿ ನನಗೆ ಲೆಕ್ಕದ ಟೀಚರ್ ಕೆಲಸ ಸಿಕ್ಕಿತ್ತು. ಇಪ್ಪತ್ಮೂರು ವಯಸ್ಸು. ಊರು ಶ್ರೀನಿವಾಸಪುರದ ಹತ್ತಿರದ ಹಳ್ಳಿ. ದಿನಾ ಬಸ್ಸಿನಲ್ಲಿ ಓಡಾಡಿ ಒಂದೇ ತಿಂಗಳಲ್ಲಿ ಐದು ಸಲ ಪ್ರಾರ್ಥನೆಗೆ ತಡವಾಗಿ ಹೋದೆ. ಹೆಡ್‌ಮಿಸ್ ಕರೆದು, "ಇಲ್ಲೇ ಮನೆ ಮಾಡ್ಕೋಮ್ಮ, ಇಲ್ಲಾಂದ್ರೆ ಕೆಲಸ ಉಳಿಯಲ್ಲ" ಅಂದರು.

ಸಂಜೆ ಸಂಜೆ ಮನೆ ಹುಡುಕಿದೆ. ‘ಮನೆ ಬಾಡಿಗೆಗೆ ಇದೆ’ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದ ಬಾಗಿಲುಗಳನ್ನೆಲ್ಲ ತಟ್ಟಿದೆ. ‘ಯಾವ ಜನ?’ ಎಂಬ ಪ್ರಶ್ನೆ ದಾಟಿದರೆ ‘ಯಜಮಾನರು ಎಲ್ಲಿ?’ ಎಂಬುದು ಎದುರಾಗುತ್ತಿತ್ತು. ಒಬ್ಬಳೇ ಇರುತ್ತೇನೆ ಅಂದ ಕೂಡಲೇ, ಅಲ್ಲೀವರೆಗೆ ಖಾಲಿ ಇದ್ದ ಮನೆಗೆ ಅವರ ತಂಗಿ ಮಗ ಬರುವವನಾಗುತ್ತಿದ್ದ.

ಓನರಮ್ಮ ಇದೊಂದನ್ನೂ ಕೇಳಲಿಲ್ಲ. ಐವತ್ತು ದಾಟಿದ ಹೆಂಗಸು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಆರು ಸಂಸಾರಗಳ ವಠಾರ, ಹಿತ್ತಲಲ್ಲಿ ಒಂದು ಸೀಮೆಹಸು, ಎರಡನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಹಸುವಿನ ಹತ್ತಿರ ತೆಲುಗು, ನಮ್ಮ ಹತ್ತಿರ ಕನ್ನಡ.

"ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕಮ್ಮಾ ನಿನಗೆ?" ಅದೊಂದೇ ಪ್ರಶ್ನೆ.

"ಮೂರು ಸಾಕು."

"ನಾಲ್ಕು ಹಿಡ್ಕೋ. ಹೆಸರು ಬರ್ಕೊಡು, ಬಾಡಿಗೆ ಪತ್ರ ಮಾಡಿಸ್ತೀನಿ."

ನಾನು ಅಪ್ಪನ ಹೆಸರು ಬರೆದೆ. ಓದಿ ನೋಡಿದವರು ಚೀಟಿಯನ್ನು ವಾಪಸು ಕೊಟ್ಟರು. "ಇಲ್ಲಿರೋದು ನಿಮ್ಮಪ್ಪನಾ? ಇರೋಳು ನೀನು. ನಿನ್ನ ಹೆಸರೇ ಬರಿ."

ಆ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಪಕ್ಕದ ಮನೆಯವರು ಸೀನಿದರೆ ನಮ್ಮ ಗೋಡೆಗೆ ಕೇಳುತ್ತಿತ್ತು. ಆದರೂ ಅಷ್ಟು ಸದ್ದಿಲ್ಲದ ಬೀದಿಯನ್ನು ನಾನು ಆಮೇಲೆ ಕಂಡಿಲ್ಲ. ಎಲ್ಲರಿಗೂ ಎಲ್ಲವೂ ಕೇಳಿಸುತ್ತಿದ್ದುದರಿಂದಲೇ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನನ್ನ ವಿಷಯವನ್ನೂ ಹಾಗೇ ಮೆಲ್ಲಗೆ ಆಡಿಕೊಳ್ಳುತ್ತಿದ್ದರು ಅನ್ನುವುದು ನನಗೆ ತಡವಾಗಿ ಗೊತ್ತಾಯಿತು.

ಒಂದು ಭಾನುವಾರ ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಉತ್ತರಪತ್ರಿಕೆಯ ಕಟ್ಟು ಕೊಡಲು ಬಂದು, ಜಗಲಿಯ ಮೇಲೆ ಕೂತು ಕಾಫಿ ಕುಡಿದು ಹೋದರು. ಅಷ್ಟೇ. ಬೀದಿಯಲ್ಲಿ ಯಾರೋ ನಮ್ಮ ಊರಿಗೆ ಕಾರ್ಡು ಬರೆದರು. ವಾರದೊಳಗೆ ಅಪ್ಪ ಬಂದರು. ಬಂದವರು ಚಪ್ಪಲಿ ಕೂಡ ಬಿಡಲಿಲ್ಲ.

"ಸಾಮಾನು ಕಟ್ಟಮ್ಮಾ, ಹೋಗೋಣ. ಊರಲ್ಲಿ ತಲೆ ಎತ್ತೋ ಹಾಗಿಲ್ಲ."

"ಕೆಲಸ, ಅಪ್ಪಾ?"

"ಅದಿಲ್ದೆ ಹೋದ್ರೆ ನಮಗೇನು ಅನ್ನ ಹುಟ್ಟಲ್ವಾ?"

ಅಪ್ಪ ಒಳ್ಳೆಯವರು. ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಅವರೇ ಹಾಸಿಗೆ ಸುತ್ತಿದರು, ಬಾಗಿಲಿಗೆ ಬೀಗ ಹಾಕಿದರು. ನಾನು ಟ್ರಂಕು ಹಿಡಿದು ಹಿಂದೆ ನಡೆದೆ. ಹಿತ್ತಲಲ್ಲಿ ಓನರಮ್ಮ ಹಸುವಿಗೆ ಬೂಸಾ ಕಲೆಸುತ್ತಿದ್ದರು.

"ಮನೆ ಬಿಡ್ತಿದ್ದೀವಿ ತಾಯಿ. ಬೀಗದ ಕೈ ತಗೊಳ್ಳಿ" ಅಂದರು ಅಪ್ಪ.

ಓನರಮ್ಮ ನಿಧಾನವಾಗಿ ಕೈ ತೊಳೆದರು, ಸೆರಗಿಗೆ ಒರೆಸಿಕೊಂಡರು. ಆದರೆ ಮುಂದೆ ಚಾಚಲಿಲ್ಲ.

"ನಿಮ್ಮ ಕೈಯಿಂದ ನಾನು ಈಸ್ಕೊಳ್ಳಲ್ಲ ಅಣ್ಣಾ. ಮನೆ ಹಿಡಿದೋಳು ಈಯಮ್ಮ. ಬಿಡೋದಾದ್ರೆ ಈಯಮ್ಮನೇ ಬಿಡಬೇಕು." ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ದನಿ ಎತ್ತಿದರು. ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಆ ಮೇಷ್ಟ್ರಿಗೆ ಕಾಫಿ ಮಾಡ್ಕೊಟ್ಟೋಳು ನಾನು. ಕಾರ್ಡು ಬರ್ದೋರು ನನ್ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ!"

ವಠಾರದ ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಓನರಮ್ಮ ನನ್ನ ಕಡೆ ತಿರುಗಿದರು. "ಏನಮ್ಮಾ, ಬಿಡ್ತೀಯಾ?"

ಅಪ್ಪನ ಮುಖ ನೋಡಿದೆ. ಟ್ರಂಕು ಕೆಳಗಿಟ್ಟೆ. "ಬಿಡಲ್ಲ" ಅಂದೆ.

ಅಪ್ಪ ಬೀಗ ತೆಗೆದು, ಹಾಸಿಗೆ ಒಳಗಿಟ್ಟು, ಖಾಲಿ ಬಿಂದಿಗೆ ಎತ್ತಿಕೊಂಡು, "ನಲ್ಲಿ ಎಲ್ಲೈತೆ?" ಎಂದು ಕೇಳಿದರು. ನಾಲ್ಕೂ ಬಿಂದಿಗೆ ತುಂಬಿಸಿಟ್ಟು ನಾಲ್ಕು ಗಂಟೆ ಬಸ್ಸಿಗೆ ಹೋದರು. ಆ ವರ್ಷ ಮಾವು ಬಿಟ್ಟಾಗ ಅಪ್ಪನಿಂದ ಹಣ್ಣಿನ ಮಂಕರಿ ಎರಡು ಬಂದವು. ದೊಡ್ಡದು ಓನರಮ್ಮನಿಗೆ.

ಆ ಮನೆಯಲ್ಲಿ ಏಳು ವರ್ಷ ಇದ್ದೆ. ಅಲ್ಲೇ ಕೂತು ಎಂ.ಎ. ಓದಿದೆ. ಅಲ್ಲಿಂದ ಮುಳಬಾಗಿಲಿಗೆ ವರ್ಗವಾಯಿತು. ಮೊದಮೊದಲು ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ... ಒಂದು ದೀಪಾವಳಿ ರಜೆಯಲ್ಲಿ ಹೋದಾಗ ಬಾಗಿಲು ತೆಗೆದವರು ಯಾರೋ ಹೊಸಬರು. "ಆಯಮ್ಮ ತೀರ್ಕೊಂಡು ನಾಲ್ಕು ತಿಂಗಳಾಯ್ತಲ್ಲಮ್ಮ, ನಿಮಗೆ ಗೊತ್ತಾಗಲಿಲ್ವಾ?" ಅಂದರು. ಗೊತ್ತಾಗಿರಲಿಲ್ಲ. ಕೊಟ್ಟಿಗೆಯ ಜಾಗದಲ್ಲಿ ಸ್ಕೂಟರ್ ನಿಂತಿತ್ತು.

ಈಗ ನಾನೂ ಹೆಡ್‌ಮಿಸ್ ಆಗಿ ನಿವೃತ್ತಳಾಗಿ ಮಾಲೂರಿನಲ್ಲಿದ್ದೇನೆ. ಧೈರ್ಯವಂತೆ ಅಂತ ಜನ ಕರೆದರೆ ಇಲ್ಲ ಅನ್ನುವುದಿಲ್ಲ. ಆ ಧೈರ್ಯ ನನಗೆ ಎಲ್ಲಿಂದ ಬಂತು ಅನ್ನುವುದು ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಓನರಮ್ಮನ ವಿಷಯ. ಅವರೂ ಒಂದು ಕಾಲಕ್ಕೆ ಒಂಟಿಯಾಗಿ ಯಾರ ಬಾಗಿಲನ್ನಾದರೂ ತಟ್ಟಿದ್ದರೋ, ಯಾರಾದರೂ ತೆರೆದಿದ್ದರೋ, ಇಲ್ಲವೋ... ಏಳು ವರ್ಷ ಅವರ ಹಸುವಿನ ಹಾಲು ಕುಡಿದೆ. ಒಂದು ದಿನವೂ ಕೇಳಲಿಲ್ಲ.